ನಿಮಗಿದು ಗೊತ್ತೆ? ಮೇಣದ ತಾಳೆಯನ್ನೇ ನಂಬಿದ ಗಿಳಿ

ಕೊಲಂಬಿಯಾದ ಆಂಡಿಸ್ ಪರ್ವತಗಳ ಮಂಜುಗಾಡು ಹಳದಿ ಕಿವಿ ಗಿಳಿಯ ತವರು. ಮೈಯೆಲ್ಲ ಹಸಿರು, ಹಣೆಯಿಂದ ಕಿವಿಯವರೆಗೆ ಅರಿಶಿನ ಬಳಿದಂತೆ ಹಳದಿ, ಕೊಕ್ಕು ದಪ್ಪ, ಕಪ್ಪು. ಇದು ಗೂಡು ಮಾಡುವುದು ಹೆಚ್ಚಾಗಿ ಒಣಗಿದ ಮೇಣದ ತಾಳೆಯ ಪೊಟರೆಯಲ್ಲಿ. ಸುಮಾರು 60 ಮೀಟರ್‌ವರೆಗೆ ಬೆಳೆಯುವ ಈ ಮರ ಜಗತ್ತಿನ ಅತಿ ಎತ್ತರದ ತಾಳೆ. ಕೊಲಂಬಿಯಾದ ರಾಷ್ಟ್ರೀಯ ವೃಕ್ಷವೂ ಹೌದು.

ಕ್ರೈಸ್ತರ ಗರಿಗಳ ಭಾನುವಾರದ ಮೆರವಣಿಗೆಗೆ ಈ ತಾಳೆಯ ಎಳೆ ಗರಿ ಕಡಿದದ್ದು, ಕಾಡು ಹುಲ್ಲುಗಾವಲಾದದ್ದು, ಬೇಟೆ ಎಲ್ಲವೂ ಸೇರಿ ಗಿಳಿಯ ಸಂತತಿ ಅಳಿವಿನಂಚಿಗೆ ಬಂತು. 1999ರಲ್ಲಿ ಟೊಲಿಮಾ ಪ್ರಾಂತ್ಯದಲ್ಲಿ 81 ಗಿಳಿಗಳು ಕಂಡವು. ಬೇರೆ ಗರಿ ಬಳಸುವಂತೆ ಭಕ್ತರ ಮನವೊಲಿಸಿ, ಕೃತಕ ಗೂಡುಗಳನ್ನು ಕಟ್ಟಿದ ಮೇಲೆ ಸಂಖ್ಯೆ ಸಾವಿರ ದಾಟಿತು. ಆದರೆ ಹುಲ್ಲುಗಾವಲಿನಲ್ಲಿ ಮೊಳೆತ ತಾಳೆಸಸಿಗಳನ್ನು ಈಗಲೂ ದನಗಳು ಮೇಯುತ್ತವೆ. ಹೊಸ ಮರ ಏಳುವುದೇ ಕಷ್ಟವಾಗಿದೆ.