ಬೀದಿಯಲ್ಲಿ ಕಂಡ ಮಗುವನ್ನು ಮಠಕ್ಕೆ ಕರೆತರುವ ಮುನ್ನ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಭಾಗಗಳ ಸದ್ಭಕ್ತರು, ಸಿಗ್ನಲ್‌ಗಳಲ್ಲಿ ಹೂವು, ಆಟಿಕೆ ಮಾರುವ ಅಥವಾ ಕೈಚಾಚುವ ಮಕ್ಕಳನ್ನು ಕಂಡು ಮರುಗಿ, ‘ಈ ಮಗುವನ್ನು ಮಠದ ಪ್ರಸಾದನಿಲಯದಲ್ಲಿ ಇರಿಸಿಕೊಳ್ಳಬಹುದೇ?’ ಎಂದು ವಿಚಾರಿಸುವುದುಂಟು. ಅವರ ಅಂತಃಕರಣ ದೊಡ್ಡದು. ಆದರೆ ನೇರವಾಗಿ ಕರೆತರುವುದು ಸರಿಯಾದ ಮಾರ್ಗವಲ್ಲ. ಏಕೆಂಬುದನ್ನು ಇಲ್ಲಿ ವಿವರಿಸಬಯಸುತ್ತೇನೆ.

2015ರ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆಯ ದೃಷ್ಟಿಯಲ್ಲಿ, ಬೀದಿಯಲ್ಲಿ ಬದುಕುವ ಅಥವಾ ಭಿಕ್ಷೆ ಬೇಡುವ ಹದಿನೆಂಟು ವರ್ಷದೊಳಗಿನ ಮಗು ಅಪರಾಧಿಯಲ್ಲ. ‘ಪಾಲನೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಗು’. ಮಗುವನ್ನು ಭಿಕ್ಷಾಟನೆಗೆ ಬಳಸಿಕೊಂಡವರೇ ಅಪರಾಧಿಗಳು. ಅವರಿಗೆ ಐದು ವರ್ಷಗಳವರೆಗೆ ಸೆರೆವಾಸವಿದೆ. ತಪ್ಪಿಸಿಕೊಂಡ, ತ್ಯಜಿಸಲ್ಪಟ್ಟ ಅಥವಾ ಅನಾಥವೆಂದು ತೋರುವ ಮಗು ಯಾರ ಕೈಗೆ ಸಿಕ್ಕರೂ ಪ್ರಯಾಣದ ಅವಧಿಯನ್ನು ಬಿಟ್ಟು 24 ಗಂಟೆಗಳೊಳಗೆ 1098 ಮಕ್ಕಳ ಸಹಾಯವಾಣಿಗೆ, ಪೊಲೀಸ್ ಠಾಣೆಗೆ, ಮಕ್ಕಳ ಕಲ್ಯಾಣ ಸಮಿತಿಗೆ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಹತ್ತು ಸಾವಿರ ರೂಪಾಯಿ ದಂಡ, ಅಥವಾ ಎರಡೂ. ಸದುದ್ದೇಶದಿಂದ ಮಾಡಿದೆವೆಂಬ ಮಾತ್ರಕ್ಕೆ ಈ ಹೊಣೆ ತಪ್ಪದು. ಇದು ಕಠೋರವೆನಿಸಬಹುದು. ಆದರೆ ಆ ಮಗುವನ್ನು ಯಾವುದೋ ಊರಿನಲ್ಲಿ ಹೆತ್ತವರು ಹುಡುಕುತ್ತಿರಬಹುದು. ಯಾರೋ ಸಾಗಿಸಿ ತಂದಿರಲೂಬಹುದು. ವರದಿಯಿಲ್ಲದೆ ಒಂದು ಸೂರಿನಡಿ ಸೇರಿದ ಮಗು ಹುಡುಕುವವರ ಪಾಲಿಗೆ ಇನ್ನಷ್ಟು ಕಳೆದುಹೋಗುತ್ತದೆ. ತಂದೆತಾಯಿಗಳೇ ಓದಿಗಾಗಿ ಸೇರಿಸುವ ವಿದ್ಯಾರ್ಥಿನಿಲಯದ ಮಾತು ಬೇರೆ. ಇಂಥ ಮಕ್ಕಳನ್ನು ಇರಿಸಿಕೊಳ್ಳುವ ಸಂಸ್ಥೆ ಈ ಕಾಯ್ದೆಯಡಿ ನೋಂದಣಿಯಾಗಿರಬೇಕು.

ಬೆಂಗಳೂರಿನ ಸಿಗ್ನಲ್‌ಗಳ ಮಕ್ಕಳ ಪ್ರಶ್ನೆ ಉಚ್ಚ ನ್ಯಾಯಾಲಯವನ್ನೂ ತಲುಪಿತ್ತು. 2021ರಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದನ್ನು ಆಲಿಸಿದ ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರ ನೇತೃತ್ವದ ಪೀಠವು, ಮಕ್ಕಳನ್ನು ಬೀದಿಯಲ್ಲಿ ಮಾರಾಟಕ್ಕೆ ಹಚ್ಚುವುದು ಸಂವಿಧಾನದ 21 ಮತ್ತು 21ಎ ವಿಧಿಗಳು ಕೊಟ್ಟ ಹಕ್ಕುಗಳಿಗೆ, ಅಂದರೆ ಘನತೆಯ ಬದುಕಿಗೂ ಆರರಿಂದ ಹದಿನಾಲ್ಕು ವರ್ಷದವರ ಉಚಿತ ಶಿಕ್ಷಣಕ್ಕೂ ಧಕ್ಕೆಯೆಂದು ಕಂಡು, ಅಂಥ ಮಕ್ಕಳ ಸಮೀಕ್ಷೆಗೆ ಆದೇಶಿಸಿತು.

ಆದರೆ ಎಲ್ಲ ಮಕ್ಕಳೂ ಅನಾಥರಲ್ಲ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಶೆಡ್ಡುಗಳಲ್ಲಿರುವವರ ಮಕ್ಕಳೂ ಹಗಲೆಲ್ಲ ಬೀದಿಯಲ್ಲೇ ಇರುತ್ತಾರೆ. ಅಧಿಕಾರಿಗಳು ಬಂದರೆ ಮಗುವನ್ನು ಕಿತ್ತುಕೊಂಡು ಹೋಗುತ್ತಾರೆಂಬ ಭಯ ಆ ತಾಯಂದಿರಿಗೆ ಸಹಜ. ಮಗುವನ್ನು ಮನೆಯವರಿಂದ ಬೇರ್ಪಡಿಸಿ ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯವೆಂದು ಕಾಯ್ದೆಯೇ ಹೇಳಿದೆ. ಇದನ್ನು ಆ ತಾಯಿಗೆ ಅರ್ಥವಾಗುವಂತೆ ತಿಳಿಹೇಳುವುದು ದಾಸೋಹಕ್ಕಿಂತ ಕಡಿಮೆ ಸೇವೆಯಲ್ಲ. ಆಕೆಯೊಡನೆ ಸರ್ಕಾರಿ ಶಾಲೆಗೆ ಹೋಗಿಬನ್ನಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಜನನ ಪ್ರಮಾಣಪತ್ರವಿಲ್ಲವೆಂದಾಗಲೀ ವರ್ಷದ ನಡುವೆ ಬಂದಿತೆಂದಾಗಲೀ ಪ್ರವೇಶ ನಿರಾಕರಿಸುವಂತಿಲ್ಲ. ಹತ್ತು ವರ್ಷದ ಮಗುವನ್ನು ಒಂದನೇ ತರಗತಿಯಲ್ಲಿ ಕೂರಿಸಬೇಕಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ದಾಖಲೆಯ ನೆಪದಲ್ಲಿ ಯಾರಾದರೂ ಹಿಂದಕ್ಕೆ ಕಳುಹಿಸಿದರೆ ಓದುಬರಹ ಬಲ್ಲ ಭಕ್ತರೊಬ್ಬರು ಜೊತೆಗಿರುವುದರ ಬೆಲೆ ಆಗ ತಿಳಿಯುತ್ತದೆ.

1098ಕ್ಕೆ ಕರೆ ಮಾಡಿದಾಗ ಸ್ಥಳ, ಸಮಯ, ಮಗುವಿನ ಅಂದಾಜು ವಯಸ್ಸು, ಜೊತೆಗಿದ್ದವರ ವಿವರಗಳನ್ನು ತಿಳಿಸಿದರೆ ಸಾಕು. ಸಹಾಯದ ಹುರುಪಿನಲ್ಲಿ ಮಗುವಿನ ಭಾವಚಿತ್ರವನ್ನು ವಾಟ್ಸಾಪ್ ಬಳಗಗಳಿಗೆ ಕಳುಹಿಸಬೇಡಿ. ಇಂಥ ಮಗುವಿನ ಗುರುತನ್ನು ಬಹಿರಂಗಪಡಿಸುವುದನ್ನು ಅದೇ ಕಾಯ್ದೆಯ 74ನೆಯ ಕಲಂ ನಿಷೇಧಿಸಿದೆ.