ಹಕ್ಕು ಕಾಲಿಗಿದೆ, ಚಕ್ರಕ್ಕಿಲ್ಲ

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನ ಬಾರೋಡೇಲ್ ಕಣಿವೆಯಲ್ಲಿ ಒಂದು ಕಿರುರಸ್ತೆ ಸೀತ್‌ವೇಟ್ ಎಂಬಲ್ಲಿಗೆ ಬಂದು ಮುಗಿದುಹೋಗುತ್ತದೆ. ಅಲ್ಲಿರುವುದು ಕುರಿ ಸಾಕುವವರ ಮನೆ, ಕಲ್ಲಿನ ಕೊಟ್ಟಿಗೆಗಳು, ಒಂದು ಅಂಗಳ. ದೇಶದ ಅತಿ ಎತ್ತರದ ಶಿಖರ ಸ್ಕಾಫೆಲ್ ಪೈಕ್‌ಗೆ ಹತ್ತುವ ದಾರಿಗಳಲ್ಲೊಂದು ಆ ಅಂಗಳವನ್ನೇ ಹಾದುಹೋಗುತ್ತದೆ. ನಾನು ಅಂಗಳದ ಅಂಚಿನಲ್ಲಿ ನಿಂತುಬಿಟ್ಟೆ. ನಾಯಿ ಬೊಗಳುತ್ತಿತ್ತು. ಒಬ್ಬರು ಟ್ರ್ಯಾಕ್ಟರಿನ ಪಕ್ಕ ಬಗ್ಗಿ ಏನೋ ಬಿಚ್ಚುತ್ತಿದ್ದರು. ಕೇಳದೆ ಕೇಳಿಸದೆ ಇನ್ನೊಬ್ಬರ ಹಟ್ಟಿಯೊಳಗೆ ನುಗ್ಗುವುದು ನಮ್ಮ ಕಡೆಯ ರೂಢಿಯಲ್ಲ. "ಬಾ ಅಣ್ಣ, ದಾರಿ ಇಲ್ಲೇ ಇರೋದು" ಅಂದಳು ಮ್ಯಾಂಚೆಸ್ಟರಿನಲ್ಲಿ ನೆಲೆಸಿರುವ ತಂಗಿ. ಟ್ರ್ಯಾಕ್ಟರಿನವರು ತಲೆಯೆತ್ತಿ ಕೈ ಆಡಿಸಿದರು, ಮತ್ತೆ ಕೆಲಸಕ್ಕೆ ಬಗ್ಗಿದರು.

ಹಿಂದಿನ ರಾತ್ರಿ ಆದದ್ದು ಇದರ ತಿರುವುಮುರುವು. ರಸ್ತೆಯ ಬದಿ, ನೀರಿನ ದಂಡೆ, ಸುತ್ತ ಯಾರೂ ಇಲ್ಲ. ಇದಕ್ಕಿಂತ ಒಳ್ಳೆಯ ಜಾಗ ಬೇಕೇ ಎಂದು ಕ್ಯಾಂಪರ್‌ವ್ಯಾನ್ ನಿಲ್ಲಿಸಿ, ಅನ್ನ ಸಾರು ಮಾಡಿ ಉಂಡು ಮಲಗಿದ್ದೆವು. ಹತ್ತೂವರೆಗೆ ಕಿಟಕಿ ತಟ್ಟಿದ ಸದ್ದು. ಟಾರ್ಚ್ ಹಿಡಿದ ಒಬ್ಬರು ರಾತ್ರಿ ತಂಗುವಂತಿಲ್ಲ ಎಂಬ ಫಲಕವನ್ನು ಮರ್ಯಾದೆಯಿಂದಲೇ ತೋರಿಸಿದರು. ಮಕ್ಕಳನ್ನು ಎಬ್ಬಿಸಿ, ಹಾಸಿಗೆ ಮಡಚಿ, ಕತ್ತಲಲ್ಲಿ ಒಂದು ತಾಸು ಅಲೆದೆವು.

ಆ ಎರಡು ಘಟನೆ ನನ್ನ ತಲೆಯಲ್ಲಿದ್ದ ಲೆಕ್ಕವನ್ನು ಬುಡಮೇಲು ಮಾಡಿದವು. ವ್ಯಾನ್ ಎಂದರೆ ಸ್ವಾತಂತ್ರ್ಯ, ಬೇರೆಯವರ ಹೊಲ ಎಂದರೆ ಬೇಲಿ ಅಂದುಕೊಂಡೇ ನಮ್ಮವರು ಬ್ರಿಟನ್ನಿಗೆ ಹೊರಡುತ್ತಾರೆ. ನಿಜ ಅದಕ್ಕೆ ಉಲ್ಟಾ.

"ವ್ಯಾನ್ ಇದ್ದರೆ ಎಲ್ಲಿ ಬೇಕಾದರೂ ರಾತ್ರಿ ಕಳೆಯಬಹುದು"

ಇಂಗ್ಲೆಂಡ್, ವೇಲ್ಸ್‌ನಲ್ಲಿ ಬರಡಾಗಿ ಕಾಣುವ ಗುಡ್ಡಕ್ಕೂ ಒಬ್ಬ ಮಾಲೀಕ ಇರುತ್ತಾನೆ. ತಂಗಬೇಕಾದರೆ ಅವನ ಒಪ್ಪಿಗೆ ಬೇಕು. ಇಂಗ್ಲೆಂಡಿನ ಡಾರ್ಟ್‌ಮೂರ್ ಎಂಬ ಪ್ರದೇಶ ಇದಕ್ಕೆ ಅಪವಾದ ಎಂದು ಕೇಳಿರುತ್ತೀರಿ. ಅಲ್ಲಿನ ಗೋಮಾಳದಂಥ ಸಾಮೂಹಿಕ ನೆಲದಲ್ಲಿ ಕೇಳದೆಯೇ ಬಿಡಾರ ಹೂಡುವ ಹಕ್ಕನ್ನು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಆದರೆ ಅದು ಬೆನ್ನ ಮೇಲೆ ಟೆಂಟ್ ಹೊತ್ತು ನಡೆದುಹೋಗುವವರಿಗೆ ಸಿಕ್ಕ ಹಕ್ಕು, ವಾಹನಕ್ಕಲ್ಲ.

ಹೆಚ್ಚು ಜನ ಎಡವುವುದು ಸ್ಕಾಟ್‌ಲ್ಯಾಂಡ್ ವಿಷಯದಲ್ಲಿ. ಅಲ್ಲಿ 2003ರ ಭೂಸುಧಾರಣಾ ಕಾಯ್ದೆ ಬಹುತೇಕ ಎಲ್ಲ ನೆಲ, ನೀರಿನ ಮೇಲೆ ಜನರಿಗೆ ಓಡಾಡುವ ಹಕ್ಕು ಕೊಟ್ಟಿದೆ ಎಂಬುದು ನಿಜ. ಅದೇ ಕಾಯ್ದೆ ಮೋಟಾರು ವಾಹನವನ್ನು ಆ ಹಕ್ಕಿನಿಂದ ಹೊರಗಿಟ್ಟಿದೆ ಎಂಬುದನ್ನು ಯಾರೂ ಹೇಳುವುದಿಲ್ಲ. ರಸ್ತೆಯಿಂದ 15 ಗಜದೊಳಗೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು ಎಂಬ ಇನ್ನೊಂದು ಮಾತು ಬಾಯಿಂದ ಬಾಯಿಗೆ ಹರಡಿದೆ. 1988ರ ರಸ್ತೆ ಸಂಚಾರ ಕಾಯ್ದೆಯಲ್ಲಿರುವುದು ಇಷ್ಟೇ: ವಾಹನ ನಿಲ್ಲಿಸಲೆಂದು ರಸ್ತೆಯಿಂದ 15 ಗಜದೊಳಗೆ ಇಳಿದರೆ ಆ ಸೆಕ್ಷನ್ನಿನಡಿ ಅಪರಾಧವಲ್ಲ. ಮಾಲೀಕ ಏಳು ಅಂದರೆ ಏಳಲೇಬೇಕು.

ಹಾಗಾದರೆ ತಂಗುವುದೆಲ್ಲಿ? ದೊಡ್ಡ ಕ್ಯಾಂಪ್‌ಸೈಟ್‌ಗಳು ಇದ್ದೇ ಇವೆ. ನನಗೆ ಇಷ್ಟವಾದದ್ದು ಐದೇ ವಾಹನಗಳ ಹೊಲ. ಕ್ಯಾರವಾನ್ ಕ್ಲಬ್ಬುಗಳು ರೈತರ ಸಣ್ಣ ತುಂಡು ಜಮೀನಿಗೆ ಮಾನ್ಯತೆ ಕೊಡುತ್ತವೆ. ಒಮ್ಮೆಗೆ ಐದಕ್ಕಿಂತ ಹೆಚ್ಚು ವಾಹನ ಬರುವಂತಿಲ್ಲ, ಸಾಮಾನ್ಯವಾಗಿ ಕ್ಲಬ್ಬಿನ ಸದಸ್ಯರಾಗಿರಬೇಕು. ನಾವು ಎರಡನೆಯ ರಾತ್ರಿ ಹೋದ ಕಡೆ ಇದ್ದದ್ದು ಒಂದು ನಲ್ಲಿ, ಕಸದ ಡಬ್ಬ, ಶೌಚದ ಪೆಟ್ಟಿಗೆ ಖಾಲಿ ಮಾಡಲು ಮುಚ್ಚಳವಿದ್ದ ಕಾಂಕ್ರೀಟ್ ಗುಂಡಿ, ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ ಹಣದ ಡಬ್ಬಿ. ಶೌಚದ ಪೆಟ್ಟಿಗೆಯನ್ನು ಆ ಗುಂಡಿಗೇ ಸುರಿಯಬೇಕು. ಪೊದೆ, ಹಳ್ಳ, ರಸ್ತೆಯ ಚರಂಡಿ ಯಾವುದೂ ಸಲ್ಲದು. ಪಾತ್ರೆ ತೊಳೆದ ನೀರನ್ನೂ ಎಲ್ಲೆಂದರಲ್ಲಿ ಚೆಲ್ಲುವಂತಿಲ್ಲ. ಸ್ಕಾಟ್‌ಲ್ಯಾಂಡಿನಲ್ಲಿ ಸರ್ಕಾರಿ ಅರಣ್ಯ ಸಂಸ್ಥೆ ಕೆಲವು ಪಾರ್ಕಿಂಗ್ ಜಾಗಗಳಲ್ಲಿ, ಒಳಗೇ ಶೌಚ ವ್ಯವಸ್ಥೆ ಇರುವ ವ್ಯಾನುಗಳಿಗೆ ಒಂದು ರಾತ್ರಿ ತಂಗಲು ಬಿಡುತ್ತದೆ.

"ರಾಷ್ಟ್ರೀಯ ಉದ್ಯಾನ ಅಂದರೆ ಸರ್ಕಾರದ ಕಾಡು, ಗೇಟು, ಟಿಕೆಟ್"

ಬಂಡೀಪುರ, ನಾಗರಹೊಳೆ ನೋಡಿದ ನಮಗೆ ಹಾಗನ್ನಿಸುವುದು ಸಹಜ. ಲೇಕ್ ಡಿಸ್ಟ್ರಿಕ್ಟ್ ಉದ್ಯಾನದೊಳಗೆ ಸುಮಾರು 40,000 ಜನ ವಾಸವಾಗಿದ್ದಾರೆ. ಊರು, ಶಾಲೆ, ಕುರಿ, ಹುಲ್ಲುಗಾವಲು ಎಲ್ಲ ಅದರೊಳಗೇ. ಒಳಹೋಗಲು ಗೇಟಿಲ್ಲ, ಶುಲ್ಕವಿಲ್ಲ. ಬಹುಪಾಲು ನೆಲ ರೈತರು, ಟ್ರಸ್ಟುಗಳು, ಖಾಸಗಿ ಮಾಲೀಕರ ಕೈಯಲ್ಲಿದೆ.

ಆ ಖಾಸಗಿ ನೆಲದ ಮೇಲೆ ನಾವು ಧೈರ್ಯವಾಗಿ ನಡೆಯಬಹುದು ಎನ್ನುವುದರ ಹಿಂದೆ ಜೈಲಿಗೆ ಹೋದವರಿದ್ದಾರೆ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಸುತ್ತಲಿನ ಕಾರ್ಮಿಕ ಯುವಕರು ನೂರಾರು ಸಂಖ್ಯೆಯಲ್ಲಿ ಕಿಂಡರ್ ಸ್ಕೌಟ್ ಎಂಬ ಬೆಟ್ಟ ಹತ್ತಿದರು. ಶ್ರೀಮಂತರ ಹಕ್ಕಿ ಬೇಟೆಗೆ ಮೀಸಲಾಗಿದ್ದ ಬೆಟ್ಟ ಅದು. ವಾರವೆಲ್ಲ ಗಿರಣಿಯ ಹೊಗೆಯಲ್ಲಿ ದುಡಿಯುವವರಿಗೆ ಕಣ್ಣೆದುರಿನ ಗುಡ್ಡ ಯಾಕೆ ನಿಷಿದ್ಧ ಎಂಬುದು ಅವರ ಪ್ರಶ್ನೆ. ಮುಂದಾಳು ಬೆನ್ನಿ ರಾಥ್‌ಮನ್ ಸೇರಿ ಐವರಿಗೆ ಗಲಭೆ ಮೊದಲಾದ ಆರೋಪಗಳ ಮೇಲೆ ಎರಡರಿಂದ ಆರು ತಿಂಗಳ ಸೆರೆವಾಸವಾಯಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ಬಂತು. 1951ರಲ್ಲಿ ಘೋಷಣೆಯಾದ ಮೊದಲ ಉದ್ಯಾನ ಪೀಕ್ ಡಿಸ್ಟ್ರಿಕ್ಟ್‌ನೊಳಗೆ ಅದೇ ಕಿಂಡರ್ ಸ್ಕೌಟ್ ಇದೆ. ಇಂಗ್ಲೆಂಡಿನ ಸುಮಾರು ನೂರಕ್ಕೆ ಎಂಟರಷ್ಟು ನೆಲದಲ್ಲಿ ದಾರಿ ಬಿಟ್ಟೂ ಅಡ್ಡಾಡುವ ಹಕ್ಕು ಸಿಕ್ಕಿದ್ದು 2000ರ ಕಾಯ್ದೆಯಿಂದ. ಆ ಬೆಟ್ಟ ನೋಡುವಾಗ ನನಗೆ ಇವರೆಲ್ಲರ ಮೇಲೆ ಋಣದ ಭಾವ ಮೂಡಿತು.

ಉಳಿದ ಕಡೆ ನಡೆಯಲು ಸಾರ್ವಜನಿಕ ದಾರಿಗಳಿವೆ. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಸುಮಾರು 2,25,000 ಕಿ.ಮೀ. ನಮ್ಮ ಹಳ್ಳಿಗಳಲ್ಲಿ ‘ನಕಾಶೆ ಕಂಡ ದಾರಿ’ ಅನ್ನುತ್ತೇವಲ್ಲ, ಅದೇ. ಹೊಲ ಯಾರದ್ದಾದರೂ ದಾರಿ ಎಲ್ಲರದು. ವ್ಯತ್ಯಾಸ ಏನೆಂದರೆ, ಅಲ್ಲಿ ಆ ನಕಾಶೆ ತಾಲ್ಲೂಕು ಕಚೇರಿಯ ಕಪಾಟಿನಲ್ಲಿ ಕೂತಿಲ್ಲ. ಆರ್ಡ್‌ನೆನ್ಸ್ ಸರ್ವೆಯ 1:25,000 ಅಳತೆಯ ನಕ್ಷೆಯಲ್ಲಿ ಹಸಿರು ತುಂಡುಗೆರೆಗಳಾಗಿ ಅಂಗಡಿಯಲ್ಲೇ ಸಿಗುತ್ತದೆ. ಬೇಲಿಯ ಕಂಬದ ಮೇಲೆ ಹಳದಿ ಬಾಣ ಇದ್ದರೆ ಕಾಲುದಾರಿ. ನೀಲಿ ಬಾಣ ಇದ್ದರೆ ಕುದುರೆ, ಸೈಕಲ್ಲಿಗೂ ದಾರಿ. ಗೇಟು ಮೊದಲು ಹೇಗಿತ್ತೋ ಹಾಗೇ ಬಿಟ್ಟು ಮುಂದೆ ಹೋಗಬೇಕು.

"ಮುಳ್ಳಯ್ಯನಗಿರಿಯ ಅರ್ಧ ಎತ್ತರ, ಅದೇನು ಮಹಾ?"

ಸ್ಕಾಫೆಲ್ ಪೈಕ್ 978 ಮೀಟರ್. ಬ್ರಿಟನ್ನಿನಲ್ಲೇ ಎತ್ತರದ ಬೆನ್ ನೆವಿಸ್ 1,345. ಮುಳ್ಳಯ್ಯನಗಿರಿ 1,900 ದಾಟುತ್ತದೆ. ಆದರೆ ಅಲ್ಲಿ ವಾಹನ ನಮ್ಮನ್ನು ತುದಿಯ ಹತ್ತಿರಕ್ಕೇ ತಂದು ಬಿಡುತ್ತದೆ. ಸೀತ್‌ವೇಟ್ ಇರುವುದು ಸಮುದ್ರಮಟ್ಟದಿಂದ ಬರೀ 130 ಮೀಟರ್ ಸುಮಾರಿಗೆ; ಮಿಕ್ಕಿದ್ದನ್ನೆಲ್ಲ ಕಾಲೇ ಹತ್ತಬೇಕು. ಅಂದಾಜಿಗೆ ಸ್ಕಾಟ್‌ಲ್ಯಾಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಈಗಲೂ ಸಾಕು: ಐದು ಕಿ.ಮೀ.ಗೆ ಒಂದು ತಾಸು, ಮೇಲೆ ಪ್ರತಿ ನೂರು ಮೀಟರ್ ಏರಿಗೆ ಹತ್ತು ನಿಮಿಷ. ಹೋಗಿಬರುವ ಹದಿನೈದು ಕಿ.ಮೀ., ಒಂಬೈನೂರು ಮೀಟರ್ ಏರು ಎಂದರೆ ನಾಲ್ಕೂವರೆ ತಾಸು, ಅದೂ ಎಲ್ಲೂ ಕೂರದೆ. ನಮಗೆ ಏಳು ತಾಸು ಹಿಡಿಯಿತು. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ ಎಂಬುದನ್ನು ಇದರ ಜೊತೆ ಇಟ್ಟು ನೋಡಿ.

ಮಳೆಯ ಲೆಕ್ಕವೂ ಹೀಗೇ ಮೋಸ ಮಾಡುತ್ತದೆ. ಸೀತ್‌ವೇಟ್ ಇಂಗ್ಲೆಂಡಿನಲ್ಲೇ ಅತಿ ಹೆಚ್ಚು ಮಳೆಯ ಜನವಸತಿ ಎಂದು ಹೆಸರಾದದ್ದು. ಆದರೂ ಅಲ್ಲಿ ಬೀಳುವುದು ಆಗುಂಬೆಯ ಅರ್ಧದಷ್ಟು. ಮಲೆನಾಡಿನವರಿಗೆ ಇದೇನು ಹೊಸತೇ ಅನ್ನಿಸಬಹುದು. ಆದರೆ ಆಗುಂಬೆಯಲ್ಲಿ ನೆಂದರೆ ನೆಗಡಿಯಾದೀತು, ಇಲ್ಲಿ ಚಳಿ ಗಾಳಿಯಲ್ಲಿ ನೆಂದರೆ ಮೈಯ ಶಾಖವೇ ಇಳಿದು ಜೀವಕ್ಕೆ ಕುತ್ತು ಬರುತ್ತದೆ. ಬೆನ್ ನೆವಿಸ್ ತುದಿಯಲ್ಲಿ 1883ರಿಂದ 1904ರವರೆಗೆ ಹವಾಮಾನ ಕೇಂದ್ರವೊಂದಿತ್ತು. ಅದು ದಾಖಲಿಸಿದ ವಾರ್ಷಿಕ ಸರಾಸರಿ ತಾಪ ಸೊನ್ನೆಗಿಂತ ತುಸು ಕೆಳಗೆ. ಜೀನ್ಸ್, ಹತ್ತಿ ಅಂಗಿ ಬೇಡವೇ ಬೇಡ, ಒಮ್ಮೆ ನೆಂದರೆ ಆರುವುದಿಲ್ಲ. ಉಣ್ಣೆಯದು ಅಥವಾ ಸಿಂಥೆಟಿಕ್ ಇರಲಿ.

ಅಪಾಯವಾದರೆ ರಕ್ಷಣಾ ತಂಡದವರು ದೊಡ್ಡ ಬಿಲ್ ಹಾಕುತ್ತಾರೆಂದು ಹೆದರಿ ತಡಮಾಡಬೇಡಿ. ಬೆಟ್ಟದ ರಕ್ಷಣಾ ತಂಡಗಳಲ್ಲಿರುವವರು ಸ್ವಯಂಸೇವಕರು, ಹಣ ಕೇಳುವುದಿಲ್ಲ. 999ಕ್ಕೆ ಕರೆಮಾಡಿ ಮೊದಲು ಪೊಲೀಸ್, ಆಮೇಲೆ ಮೌಂಟೆನ್ ರೆಸ್ಕ್ಯೂ ಎಂದು ಕೇಳಬೇಕು. ನೆಟ್‌ವರ್ಕ್ ಇಲ್ಲದಿದ್ದರೆ ನಿಮಿಷಕ್ಕೆ ಆರು ಸೀಟಿ, ಒಂದು ನಿಮಿಷ ಬಿಟ್ಟು ಮತ್ತೆ ಆರು.

"ಹಸು ತಾನೇ, ಏನು ಮಾಡೀತು?"

ದನದ ಬೆನ್ನು ಸವರಿ ಬೆಳೆದವರಿಗೆ ಇದನ್ನು ನಂಬಿಸುವುದೇ ಕಷ್ಟ. ಬ್ರಿಟನ್ನಿನ ಬೆಟ್ಟದ ಬುಡದಲ್ಲಿ ಹುಲಿಯಿಲ್ಲ, ಆನೆಯಿಲ್ಲ. ನಡೆಯುವವರ ಮೇಲೆ ಬೀಳುವ ದೊಡ್ಡ ಪ್ರಾಣಿ ದನವೇ. ಪ್ರತಿ ವರ್ಷ ಕೆಲವರು ದನಗಳಿಂದ ಸಾಯುತ್ತಾರೆ. ಅವರಲ್ಲಿ ಹೆಚ್ಚಿನವರು ಅಲ್ಲೇ ದುಡಿಯುವವರು, ಆದರೆ ಕಾಲುದಾರಿಯಲ್ಲಿ ಹೊರಟವರೂ ಇದ್ದಾರೆ. ಮಾಂಸಕ್ಕಾಗಿ ಸಾಕಿದ ಈ ದನಗಳಿಗೆ ಮನುಷ್ಯರ ಕೈ ಸೋಕುವುದು ಕಡಿಮೆ, ಕರು ಜೊತೆಗಿದ್ದರಂತೂ ಸಿಟ್ಟು. ಮುದ್ದಾದ ಕರು ಕಂಡಿತೆಂದು ಹತ್ತಿರ ಹೋಗಬೇಡಿ, ತಾಯಿಗೂ ಕರುವಿಗೂ ನಡುವೆ ಸಿಕ್ಕಿಕೊಳ್ಳಬೇಡಿ. ದೂರದಿಂದ ಬಳಸಿ, ಓಡದೆ ನಡೆಯಿರಿ. ಜೊತೆಗೆ ನಾಯಿಯಿದ್ದು ದನ ಅಟ್ಟಿಸಿಕೊಂಡು ಬಂದರೆ ನಾಯಿಯ ಹಗ್ಗ ಬಿಟ್ಟುಬಿಡಿ. ಅವುಗಳ ಕೋಪ ನಾಯಿಯ ಮೇಲೆ, ಅದು ಓಡಿ ಪಾರಾಗುತ್ತದೆ.

ಜರಿಗಿಡದ ನಡುವೆ ಇಂಬಳ ಹುಡುಕಬೇಡಿ, ಉಣುಗು ಹುಡುಕಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯ ನೆನಪಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ರಿಟನ್ನಿನ ಉಣುಗು ಹರಡುವುದು ಲೈಮ್ ಎಂಬ ಬ್ಯಾಕ್ಟೀರಿಯಾ ಕಾಯಿಲೆ. ಬೇಗ ಗುರುತಿಸಿದರೆ ಆ್ಯಂಟಿಬಯೋಟಿಕ್‌ನಿಂದ ಗುಣವಾಗುತ್ತದೆ. ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ತಪ್ಪು. ಚೂಪು ಚಿಮಟದಿಂದ ಚರ್ಮದ ಮಟ್ಟಕ್ಕೆ ಹಿಡಿದು ನೇರ ಮೇಲಕ್ಕೆ ನಿಧಾನವಾಗಿ ಎಳೆಯಿರಿ.

"ಚಳಿಯಾದರೆ ಒಲೆ ಹಚ್ಚಿದರಾಯಿತು"

ಇದು ಕೊಲ್ಲುವ ನಂಬಿಕೆ. ಮುಚ್ಚಿದ ವ್ಯಾನಿನಲ್ಲಿ ಗ್ಯಾಸ್ ಒಲೆ ಉರಿಸಿ ಬಿಸಿ ಮಾಡಿಕೊಂಡರೆ, ಉಳಿದ ಕೆಂಡವನ್ನು ಒಳಗಿಟ್ಟುಕೊಂಡು ಮಲಗಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಅಡುಗೆಗೆ ಮಾತ್ರ ಒಲೆ, ಶಾಖಕ್ಕೆ ವ್ಯಾನಿನದೇ ಹೀಟರ್, ಜೊತೆಗೆ ಕೆಲಸ ಮಾಡುವ ಅಲಾರಂ. ಒಳಗಿನ ನೆಲದಲ್ಲಿ ಸಣ್ಣ ತೂತು ಕಂಡು, ಚಳಿ ಬರುತ್ತದೆಂದು ಟವೆಲ್ ತುರುಕಲು ಹೋಗಿದ್ದೆ. ತಂಗಿ ಕೈ ಹಿಡಿದಳು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಇಳಿದುಹೋಗಲೆಂದೇ ಆ ತೂತು.

ಬೆಳಗ್ಗೆ ಎದ್ದರೆ ಕಿಟಕಿಯ ಒಳಮೈಯಲ್ಲಿ ನೀರು ಹನಿಹನಿಯಾಗಿ ಇಳಿಯುತ್ತಿತ್ತು. ಮಳೆ ಸೋರಿತೆಂದುಕೊಂಡೆ. ಅದು ರಾತ್ರಿಯಿಡೀ ನಾವೇ ಬಿಟ್ಟ ಉಸಿರು. ಎಷ್ಟೇ ಚಳಿಯಿರಲಿ, ಚಾವಣಿಯ ಕಿಂಡಿಯನ್ನು ಒಂದಂಗುಲ ತೆರೆದಿಟ್ಟೇ ಮಲಗಬೇಕು.

"ವ್ಯಾನಿನಲ್ಲೇ ಎಲ್ಲ ಬೆಟ್ಟದ ಬುಡಕ್ಕೂ ಹೋಗಬಹುದು"

ಪ್ರವಾಸಕ್ಕೆ ಬಂದವರು ನಮ್ಮ ಲೈಸೆನ್ಸ್‌ನಲ್ಲೇ 12 ತಿಂಗಳು, 3.5 ಟನ್ ಮೀರದ ವಾಹನ ಓಡಿಸಬಹುದು. ಬಾಡಿಗೆ ಕೊಡುವವರ ಷರತ್ತು ಮಾತ್ರ ಬೇರೆ ಇರಬಹುದು, ಕೇಳಿಕೊಳ್ಳಿ. ಓಡಿಸಬಹುದು ಎಂದ ಮಾತ್ರಕ್ಕೆ ಎಲ್ಲ ರಸ್ತೆಯೂ ಹಿಡಿಸುವುದಿಲ್ಲ. ಲೇಕ್ ಡಿಸ್ಟ್ರಿಕ್ಟ್‌ನ ಹಾರ್ಡ್‌ನಾಟ್ ಘಾಟಿಯ ಅತಿ ಕಡಿದಾದ ಕಡೆ ಸುಮಾರು ಮೂರು ಅಡಿ ಮುಂದಕ್ಕೆ ಒಂದು ಅಡಿ ಏರು, ರಸ್ತೆ ಒಂದೇ ವಾಹನದ ಅಗಲ. ಸ್ಕಾಟ್‌ಲ್ಯಾಂಡಿನ ಒಂಟಿ ರಸ್ತೆಗಳಲ್ಲಿ ಎದುರಿನವರಿಗೆ ದಾರಿ ಬಿಡಲೆಂದು ಮಾಡಿದ ಜಾಗದಲ್ಲಿ ವ್ಯಾನ್ ನಿಲ್ಲಿಸಿ ಫೋಟೋ ತೆಗೆಯುವುದು ಅಲ್ಲಿನವರ ದಿನದ ಕೆಲಸಕ್ಕೇ ಅಡ್ಡಿ.

ಕೊನೆಯ ಎರಡು ದಿನ ನಾವು ವ್ಯಾನಿನ ಕೀಲಿಯನ್ನೇ ಮುಟ್ಟಲಿಲ್ಲ. ಐದು ವಾಹನಗಳ ಆ ಹೊಲದ ಮೂಲೆಯಲ್ಲಿ ಕಲ್ಲುಗೋಡೆ ದಾಟಲು ಮೂರು ಮೆಟ್ಟಿಲಿದ್ದವು, ಪಕ್ಕದ ಕಂಬದ ಮೇಲೆ ಹಳದಿ ಬಾಣ. ತಂಗಿಯ ಮಗಳು ದಿನಾ ಬೆಳಗ್ಗೆ ಮೊದಲು ಹತ್ತಿ ನಿಂತು, ಇವತ್ತು ಯಾರ ಹೊಲ ಎಂದು ಕೇಳುತ್ತಿದ್ದಳು.