ವಾಟ್ಸ್‌ಆ್ಯಪ್‌ನಲ್ಲಿ ಕಳೆದುಹೋದ ಕ್ಯಾಮೆರಾ

ನಮ್ಮ ಕಾಲೇಜಿನ ಪುಟಾಣಿ ಉಪಗ್ರಹ ಇನ್ನೂ ಕಂಪ್ಯೂಟರಿನಲ್ಲೇ ಇದೆ. 10 ಸೆಂ.ಮೀ. ಉದ್ದ, ಅಗಲ, ಎತ್ತರದ ಕ್ಯೂಬ್‌ಸ್ಯಾಟ್. ಆದರೆ ಒಮ್ಮೆ ಸತ್ತು ಬದುಕಿದೆ!

ನಾನು ಪವರ್ ಟೀಮ್. ಮೈಗಂಟಿಸಿದ ಸೋಲಾರ್ ಫಲಕಗಳಿಂದ ಸರಾಸರಿ 2 ವ್ಯಾಟ್ ಸಿಕ್ಕರೆ ಪುಣ್ಯ. 500 ಕಿ.ಮೀ. ಎತ್ತರದಲ್ಲಿ ಸುಮಾರು 95 ನಿಮಿಷಕ್ಕೊಂದು ಸುತ್ತು. ಅದರಲ್ಲಿ 35 ನಿಮಿಷದಷ್ಟು ಭೂಮಿಯ ನೆರಳು, ಆಗ ಬ್ಯಾಟರಿಯೇ ಗತಿ. ಕ್ಯಾಮೆರಾ ಟೀಮಿನ ಗೆಳತಿ ಹೆಚ್ಚು ವಿದ್ಯುತ್ ನುಂಗುವ ಹೊಸ ಕ್ಯಾಮೆರಾ ಆರಿಸಿ ವಾಟ್ಸ್‌ಆ್ಯಪ್‌ ಗ್ರೂಪಿಗೆ ಹಾಕಿದ್ದಳು. ಬರ್ತ್‌ಡೇ ವಿಶ್‌ಗಳ ನಡುವೆ ಆ ಮೆಸೇಜು ನನಗೆ ಕಾಣಲೇ ಇಲ್ಲ. ನನ್ನ ಎಕ್ಸೆಲ್ ಶೀಟಿನಲ್ಲಿ ಹಳೇ ಕ್ಯಾಮೆರಾವೇ ಉಳಿಯಿತು.

ಅಷ್ಟರಲ್ಲಿ ಸೀನಿಯರ್ ಒಬ್ಬರು, ‘ಮಾಡೆಲ್ ಬೇಸ್ಡ್ ಸಿಸ್ಟಮ್ಸ್ ಎಂಜಿನಿಯರಿಂಗ್ ಮಾಡ್ರೋ, ಸಿಸ್‌ಎಂಎಲ್ ಕಲೀರಿ’ ಅಂದರು. ಮಿಷಿಗನ್ ವಿಶ್ವವಿದ್ಯಾಲಯದ ರ‍್ಯಾಕ್ಸ್ ಕ್ಯೂಬ್‌ಸ್ಯಾಟಿಗೂ ಇಂಥ ಮಾದರಿ ಇದೆ. ಇಂಟರ್ನಲ್ಸ್ ಹತ್ತಿರವಿರುವಾಗ ಡಬ್ಬಿ ಬಿಡಿಸಿ ಗೆರೆ ಎಳೆಯುವ ಕೆಲಸವಾ ಅಂತ ಗೊಣಗಿದೆ. ಪ್ರತಿ ಭಾಗದ ತೂಕ, ವಿದ್ಯುತ್, ಅದು ಯಾವಾಗ ಆನ್ ಆಗಬೇಕು ಎಲ್ಲವೂ ಒಂದೇ ಮಾದರಿಯೊಳಗೆ. ಅವಳು ತನ್ನ ಅಂಕಿ ತುಂಬಿ ಲೆಕ್ಕ ಓಡಿಸಿದ್ದೇ ತಡ, ನೆರಳು ದಾಟುವ ಮೊದಲೇ ಬ್ಯಾಟರಿ ಖಾಲಿ!

‘ಗ್ರೂಪ್ ನೋಡೋಕೆ ನಿಂಗೇನು ಕಷ್ಟ?’ ಅವಳು ರೇಗಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಈಗ ಒಂದು ಸುತ್ತಿನಲ್ಲಿ ಫೋಟೊ, ಇನ್ನೊಂದರಲ್ಲಿ ಡೇಟಾ ರವಾನೆ. ಹಾಗಂತ ಮಾದರಿ ಸರ್ವಜ್ಞನಲ್ಲ; ತಪ್ಪು ಅಂಕಿ ಕೊಟ್ಟರೆ ತಪ್ಪನ್ನೇ ಅಚ್ಚುಕಟ್ಟಾಗಿ ತೋರಿಸುತ್ತದೆ. ಮೊನ್ನೆ ಮಲ್ಟಿಮೀಟರ್ ಹಿಡಿದು ಅಳೆದರೆ, ಆ ಕ್ಯಾಮೆರಾ ಆನ್ ಆಗುವಾಗ ಡೇಟಾಶೀಟಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು ಕರೆಂಟ್ ಎಳೆಯುತ್ತಿತ್ತು. ಅಂಕಿಯನ್ನು ಮತ್ತೆ ತಿದ್ದಿದ್ದೇವೆ, ಈ ಸಲ ಇಬ್ಬರೂ ಒಟ್ಟಿಗೆ ಕೂತು.